ಡಬ್ಬಿಯ ಮೇಲಿನ ಸ್ಕೇಲು ಬೇರೆ, ಗಾಡಿಯ ಸ್ಕೇಲು ಬೇರೆ: ದೊಡ್ಡ ಮಾದರಿ ರೈಲಿಗೆ ಹೊಂದುವ ಡೈ-ಕಾಸ್ಟ್ ವಾಹನ ಆರಿಸುವ ಬಗೆ

ಮಾದರಿ ರೈಲು ಕಟ್ಟಿದವರ ಅಂಗಳದಲ್ಲಿ ಒಂದು ಲೆವೆಲ್ ಕ್ರಾಸಿಂಗ್ ಇದ್ದೇ ಇರುತ್ತದೆ. ಗೇಟು ಬಿದ್ದಿದೆ. ಈಚೆಗೆ ಒಂದು ಅಂಬಾಸಿಡರ್, ಅದರ ಹಿಂದೆ ಆಟೊ, ಪಕ್ಕದಲ್ಲಿ ಸೈಕಲ್ ಹಿಡಿದು ನಿಂತ ಮನುಷ್ಯ. ಎಂಜಿನ್ನೂ ಚೆಂದ, ಬೋಗಿಯೂ ಚೆಂದ, ಕಾರೂ ಚೆಂದ. ಆದರೂ ನೋಡಿದವರು ‘ಏನೋ ಒಂಥರಾ ಇದೆ’ ಅನ್ನುತ್ತಾರೆ. ಏನು ಅಂತ ಕೇಳಿದರೆ ಹೇಳಲು ಬಾರದು. ಕಣ್ಣಿಗೆ ಲೆಕ್ಕ ಬರುವುದಿಲ್ಲ, ಆದರೆ ಅಂಬಾಸಿಡರಿನ ಸೂರು ನಿಂತ ಮನುಷ್ಯನ ಹಣೆಯ ಮಟ್ಟಕ್ಕೆ ಬರಬೇಕು ಅಂತ ಗೊತ್ತಿರುತ್ತದೆ. ಅದು ಎದೆಯ ಮಟ್ಟದಲ್ಲಿ ನಿಂತರೆ ಇಡೀ ದೃಶ್ಯ ಆಟಿಕೆಯಾಗಿಬಿಡುತ್ತದೆ.

ಇದು ಬಹಳ ಸಲ ಗಾಡಿಯ ತಪ್ಪಲ್ಲ. ರೈಲಿನ ಸ್ಕೇಲು ಯಾವುದು, ಅಂದರೆ ಅದು ನಿಜವಾದ ರೈಲಿನ ಎಷ್ಟನೇ ಒಂದು ಪಾಲು ಅಂತಲೇ ತೀರ್ಮಾನಿಸದೆ ಗಾಡಿ ಕೊಂಡದ್ದರ ಫಲ.

ಒಂದೇ ಹಳಿ, ಹಲವು ಸ್ಕೇಲು

ಎಚ್‌ಒ ಎಂಬ ಸಣ್ಣ ಅಳತೆಯ ಮಾದರಿ ರೈಲು ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಎರಡು ಹಳಿಗಳ ನಡುವಿನ ಅಂತರ (ಗೇಜ್) 16.5 ಮಿ.ಮೀ., ಸ್ಕೇಲು 1:87, ಮುಗಿಯಿತು. ದೊಡ್ಡ ರೈಲಿನಲ್ಲಿ, ಅಂದರೆ ಸಾಮಾನ್ಯವಾಗಿ ‘ಜಿ’ ಅಂತ ಕರೆಯುವುದರಲ್ಲಿ, ಎಲ್ಲರಿಗೂ ಸಮಾನವಾಗಿರುವುದು ಹಳಿ ಮಾತ್ರ: 45 ಮಿ.ಮೀ. ಅದರ ಮೇಲೆ ಓಡುವ ಗಾಡಿಯ ಸ್ಕೇಲು ತಯಾರಕರಿಂದ ತಯಾರಕರಿಗೆ ಬೇರೆ. ಜರ್ಮನಿಯ ಎಲ್‌ಜಿಬಿ 1968ರಲ್ಲಿ ಯೂರೋಪಿನ ಮೀಟರ್ ಗೇಜ್ ರೈಲುಗಳನ್ನು 1:22.5ರಲ್ಲಿ ಮಾಡಿ ಈ ಹಳಿಗೆ ಮತ್ತೆ ಜೀವ ಕೊಟ್ಟಿತು. ಅದಕ್ಕೂ ಬಹಳ ಹಿಂದಿನಿಂದ ಇದೇ ಹಳಿಯ ಮೇಲೆ ಸ್ಟ್ಯಾಂಡರ್ಡ್ ಗೇಜನ್ನು 1:32ರಲ್ಲಿ ಓಡಿಸುವವರಿದ್ದರು. ಅಮೆರಿಕದ ಮೂರಡಿ ಗೇಜಿನ ರೈಲುಗಳನ್ನು 1:20.3ರಲ್ಲಿ ಮಾಡಿದರು. ಇವೆಲ್ಲದರ ನಡುವೆ, ಎಲ್‌ಜಿಬಿ ಬೋಗಿಗಳ ಪಕ್ಕ ಸಣ್ಣದಾಗಿ ಕಾಣಬಾರದೆಂದು ಅಮೆರಿಕದ ಸ್ಟ್ಯಾಂಡರ್ಡ್ ಗೇಜ್ ಎಂಜಿನ್ನುಗಳನ್ನು 1:29ಕ್ಕೆ ಹಿಗ್ಗಿಸಿದ್ದೂ ಉಂಟು. ಲೆಕ್ಕದ ಪ್ರಕಾರ ಅದು ತಪ್ಪು, ಆದರೆ ಮಾರುಕಟ್ಟೆಯಲ್ಲಿ ನಿಂತಿದೆ.

ನಮಗೆ ಬೇಕಾದದ್ದು ನಮ್ಮ ರೈಲುಗಳ ಲೆಕ್ಕ. ನಿಜವಾದ ಗೇಜನ್ನು ಮಿ.ಮೀ.ನಲ್ಲಿ ಬರೆದು 45ರಿಂದ ಭಾಗಿಸಿ. ಹಳೆಯ ಬೆಂಗಳೂರು–ಮೈಸೂರು ಮಾರ್ಗ, ಇಂದಿಗೂ ಓಡುವ ನೀಲಗಿರಿ ರೈಲು ಇವು ಮೀಟರ್ ಗೇಜ್: 1000ವನ್ನು 45ರಿಂದ ಭಾಗಿಸಿದರೆ 22.2, ಅಂದರೆ 1:22.5 ಸರಿಹೊಂದುತ್ತದೆ. ನಮ್ಮ ಮೆಟ್ರೊ ಸ್ಟ್ಯಾಂಡರ್ಡ್ ಗೇಜ್, 1435 ಮಿ.ಮೀ.: ಭಾಗಿಸಿದರೆ 31.9, ಅಂದರೆ 1:32. ಬ್ರಾಡ್ ಗೇಜ್ 1676 ಮಿ.ಮೀ.: 37.2 ಬರುತ್ತದೆ. ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರದ ಕಡೆ ಒಂದು ಕಾಲಕ್ಕೆ ಓಡುತ್ತಿದ್ದ ನ್ಯಾರೋ ಗೇಜ್ 762 ಮಿ.ಮೀ.: ಸುಮಾರು 17.

ಈಗ ಅಂಗಡಿಯ ಕಪಾಟು ನೆನಪಿಸಿಕೊಳ್ಳಿ. ಡೈ-ಕಾಸ್ಟ್ ಕಾರುಗಳು, ಅಂದರೆ ಲೋಹದ ಎರಕದ ಕಾರುಗಳು, ಸಿಗುವ ಮುಖ್ಯ ಸ್ಕೇಲುಗಳು 1:18, 1:24, 1:32, 1:36ರ ಆಸುಪಾಸು, 1:43, 1:64. ಅಂದರೆ ಕೋಲಾರದ ನ್ಯಾರೋ ಗೇಜಿಗೆ 1:18, ಮೀಟರ್ ಗೇಜಿಗೆ 1:24, ಮೆಟ್ರೊಗೆ 1:32, ಬ್ರಾಡ್ ಗೇಜಿಗೆ 1:36–1:38. ನಮ್ಮ ನಾಲ್ಕು ಗೇಜಿಗೂ ಒಂದೊಂದು ಕಪಾಟು ಹೆಚ್ಚುಕಡಿಮೆ ಸಿದ್ಧವಾಗಿಯೇ ಇದೆ. ಇದು ಎಷ್ಟು ಅನುಕೂಲ ಅನ್ನುವುದು ಅಮೆರಿಕದ 1:29ರವರನ್ನು ನೋಡಿದರೆ ತಿಳಿಯುತ್ತದೆ. ಅವರಿಗೆ ಕಾರು ಸಿಗುವುದೇ ಕಷ್ಟ. 1:32 ತಂದರೆ ಶೇ. 9ರಷ್ಟು ಸಣ್ಣದು, 1:24 ತಂದರೆ ಶೇ. 20ಕ್ಕೂ ಮೀರಿ ದೊಡ್ಡದು.

ಸ್ಕೇಲಿನ ಗೊಂದಲ ಬಿಡಿಸಲು ಒಂದು ಸೊಗಸಾದ ಕಾಕತಾಳೀಯ ನೆರವಿಗೆ ಬರುತ್ತದೆ. ಅಂಬಾಸಿಡರಿನ ಅಗಲ 1662 ಮಿ.ಮೀ., ಬ್ರಾಡ್ ಗೇಜಿನ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ. ಎರಡೂ ಒಂದೇ ಅನ್ನಬಹುದು. ಹಾಗಾಗಿ ನಿಮ್ಮ 45 ಮಿ.ಮೀ. ಹಳಿ ಬ್ರಾಡ್ ಗೇಜ್ ಎಂದಾದರೆ, ಸರಿಯಾದ ಅಂಬಾಸಿಡರ್ ಹಳಿಗಳ ನಡುವೆ ಕೂಡಿಸಿದಂತೆ, ಸುಮಾರು 44.6 ಮಿ.ಮೀ. ಅಗಲ ಇರಬೇಕು. ಅದೇ ಹಳಿ ಮೀಟರ್ ಗೇಜ್ ಎಂದಾದರೆ ಕಾರು 74 ಮಿ.ಮೀ. ಅಗಲವಾಗಿ ಎರಡೂ ಕಡೆ ಹಳಿಯಾಚೆಗೆ ಚಾಚಿಕೊಳ್ಳಬೇಕು. ಹಳಿಯ ಒಂದು ತುಂಡನ್ನು ಅಂಗಡಿಗೆ ಒಯ್ದು ಕಾರನ್ನು ಅದರ ಮೇಲೆ ಹಳಿಯ ಉದ್ದಕ್ಕೆ ಇಟ್ಟು ನೋಡಿದರೆ ಕ್ಯಾಲ್ಕುಲೇಟರಿಗಿಂತ ಬೇಗ ಉತ್ತರ ಸಿಗುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಬಹುದು, ನೋಡಲಿ.

ಅಳೆಯಬೇಕಾದ್ದು ವೀಲ್‌ಬೇಸ್

ಡಬ್ಬಿಯ ಮೇಲೆ ಮುದ್ರಿಸಿದ ಸಂಖ್ಯೆ ಒಂದು ಸುಳಿವು ಮಾತ್ರ, ಪ್ರಮಾಣಪತ್ರವಲ್ಲ. ಆಟಿಕೆ ತಯಾರಕರಿಗೆ ಒಂದೇ ಅಳತೆಯ ಡಬ್ಬಿಯಲ್ಲಿ ಎಲ್ಲ ಕಾರು ಕೂರಬೇಕು. ಸಣ್ಣ ಕಾರು ಸ್ವಲ್ಪ ಹಿಗ್ಗುತ್ತದೆ, ಉದ್ದದ ಕಾರು ಕುಗ್ಗುತ್ತದೆ. ಹವ್ಯಾಸಿಗಳು ಇದನ್ನು ‘ಡಬ್ಬಿ ಸ್ಕೇಲು’ ಅನ್ನುವುದುಂಟು. ಕಿನ್ಸ್‌ಮಾರ್ಟ್‌ನ ಹಿಂದಕ್ಕೆಳೆದು ಬಿಡುವ ಕಾರುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಬಹುಪಾಲು ಕಾರುಗಳು ಐದಿಂಚಿನ ಆಸುಪಾಸು, ಅಂದರೆ 127 ಮಿ.ಮೀ. ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ನಿಜದಲ್ಲಿ 4079 ಮಿ.ಮೀ. ಉದ್ದ, 127ರಿಂದ ಭಾಗಿಸಿದರೆ 1:32. ಅದೇ ಐದಿಂಚಿನಲ್ಲಿ 4.8 ಮೀಟರ್ ಉದ್ದದ ಕಾರು ಕೂತರೆ 1:38. ಒಂದೇ ಕಪಾಟು, ಒಂದೇ ಬೆಲೆ, ಪಕ್ಕಪಕ್ಕದ ಡಬ್ಬಿ, ಸ್ಕೇಲು ಮಾತ್ರ ಬೇರೆ. ಈ ತಯಾರಕರು ಆಯಾ ಕಾರಿನ ಸ್ಕೇಲನ್ನು ಮುದ್ರಿಸುತ್ತಾರೆ ಅನ್ನುವುದು ಅವರ ಹೆಚ್ಚುಗಾರಿಕೆ. ಮೆಟ್ರೊ ಮಾಡುವವರು ಬೀಟಲನ್ನು ತೆಗೆದುಕೊಳ್ಳಲಿ, ಬ್ರಾಡ್ ಗೇಜಿನವರು ಉದ್ದ ಕಾರನ್ನು. ಅದಲುಬದಲಾದರೆ ಇಬ್ಬರಿಗೂ ನಷ್ಟ.

ಹಾಟ್ ವೀಲ್ಸ್‌ನಲ್ಲಿ ಇದು ಇನ್ನೂ ವಿಪರೀತ. 1:64 ಎಂಬುದು ಹೆಸರಿಗೆ. ಎಲ್ಲವೂ ಏಳೂವರೆ ಸೆಂಟಿಮೀಟರಿನೊಳಗೆ ಮುಗಿಯಬೇಕಾದ್ದರಿಂದ ಅದೇ ಸಾಲಿನ ಹತ್ತು ಮೀಟರ್ ಬಸ್ಸು 1:130 ದಾಟುತ್ತದೆ. ದೊಡ್ಡ ರೈಲಿಗೆ ಇವುಗಳ ಉಪಯೋಗ ಒಂದೇ: ಮಾದರಿ ಆಟಿಕೆ ಅಂಗಡಿಯ ಮುಂದೆ ಮಕ್ಕಳು ಹತ್ತಿ ಆಡುವ ಕಾರು.

ಇನ್ನು ಮಾಯಿಸ್ಟೊ, ಬುರಾಗೊ, ವೆಲ್ಲಿ, ಜಾಡಾ ಕಂಪನಿಗಳ 1:24 ಕಾರುಗಳು ಬಹುಮಟ್ಟಿಗೆ ಮಾತಿಗೆ ತಪ್ಪುವುದಿಲ್ಲ. ಆದರೆ ಅದೇ ಅಳತೆಯ ಡಬ್ಬಿಗಳ ನಡುವೆ ಪಿಕಪ್, ದೊಡ್ಡ ಎಸ್‌ಯುವಿಗಳು 1:26, 1:27 ಆಗಿ ಕೂತಿರುತ್ತವೆ. ಮೂಲೆಯ ಸಣ್ಣ ಅಕ್ಷರ ಓದದೆ ‘1:24ರ ಕಪಾಟು’ ಅಂತ ಎತ್ತಿಕೊಂಡರೆ ಪಿಕಪ್ಪು ಮನೆಯಲ್ಲಿ ಕಾರಿನ ಪಕ್ಕ ಕುಗ್ಗಿದಂತೆ ಕಾಣುತ್ತದೆ. 1:22.5ರ ಅಂಗಳದಲ್ಲಿ ಅದು ಶೇ. 17ರಷ್ಟು ಸಣ್ಣದು.

ಆದ್ದರಿಂದ ಅಳೆಯಿರಿ. ಒಟ್ಟು ಉದ್ದಕ್ಕಿಂತ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ, ಹೆಚ್ಚು ನಂಬಿಕೆಯದು. ಬಂಪರ್ ಬದಲಾದರೆ ಉದ್ದ ಬದಲಾಗುತ್ತದೆ, ಒಂದೇ ಕಾರಿನ ಬೇರೆಬೇರೆ ವರ್ಷದ ಮಾದರಿಗಳಿಗೆ ಬೇರೆ ಉದ್ದ ಇರುತ್ತದೆ, ಜಾಲತಾಣದ ಮಾರಾಟಗಾರರು ಡಬ್ಬಿಯ ಉದ್ದವನ್ನೇ ಕಾರಿನ ಉದ್ದ ಅಂತ ಹಾಕಿರುತ್ತಾರೆ. ವೀಲ್‌ಬೇಸಿನಲ್ಲಿ ಇಂಥ ಗೊಂದಲ ಕಡಿಮೆ. ನಿಜವಾದ ಗಾಡಿಯ ವೀಲ್‌ಬೇಸನ್ನು ಮಾದರಿಯ ವೀಲ್‌ಬೇಸಿನಿಂದ ಭಾಗಿಸಿದರೆ ಬರುವುದೇ ನಿಜವಾದ ಸ್ಕೇಲು.

ಅಂಬಾಸಿಡರಿನ ವೀಲ್‌ಬೇಸ್ 2464 ಮಿ.ಮೀ. ಮಾದರಿಯಲ್ಲಿ ಅದು 1:18ರಲ್ಲಿ 136.9, 1:22.5ರಲ್ಲಿ 109.5, 1:24ರಲ್ಲಿ 102.7, 1:32ರಲ್ಲಿ 77, 1:37ರಲ್ಲಿ 66.6 ಮಿ.ಮೀ. ಇರಬೇಕು. ಇದೇ ರೀತಿ ಜೇಬಿನಲ್ಲಿಟ್ಟುಕೊಳ್ಳಲು ಇನ್ನೂ ಕೆಲವು: ಪ್ರೀಮಿಯರ್ ಪದ್ಮಿನಿ 2340, ಮಾರುತಿ 800 2175, ಮಾರುತಿ ಓಮ್ನಿ 1840, ಹಳೆಯ ಮಹೀಂದ್ರ ಜೀಪು 2032, ಬೀಟಲ್ 2400, ಬಜಾಜ್ ಆಟೊ ಸುಮಾರು 2000. ನಿಮ್ಮ ರೈಲಿನ ಸ್ಕೇಲಿನಿಂದ ಇವನ್ನೆಲ್ಲ ಒಮ್ಮೆ ಭಾಗಿಸಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಅಂಗಡಿಯಲ್ಲಿ ಅಡಿಪಟ್ಟಿ ಮಾತ್ರ ಸಾಕು.

ಡಬ್ಬಿ ಬಿಚ್ಚಲು ಬಿಡದಿದ್ದರೆ ಪಾರದರ್ಶಕ ಕಿಟಕಿಯ ಮೇಲೆಯೇ ಅಡಿಪಟ್ಟಿ ಹಿಡಿಯಬೇಕಾಗುತ್ತದೆ. ಇಲ್ಲಿ ಎಲ್ಲರೂ ಎಡವುತ್ತಾರೆ. ಕಣ್ಣು ಕಿಟಕಿಯಿಂದ 30 ಸೆಂ.ಮೀ. ದೂರ, ಕಾರು ಕಿಟಕಿಯಿಂದ 3 ಸೆಂ.ಮೀ. ಒಳಗೆ ಇದ್ದರೆ ಅಡಿಪಟ್ಟಿ ಶೇ. 9ರಷ್ಟು ಕಡಿಮೆ ತೋರಿಸುತ್ತದೆ. ನಿಜಕ್ಕೂ 1:24 ಇರುವ ಅಂಬಾಸಿಡರ್ 93 ಮಿ.ಮೀ. ಓದಿ 1:26 ಅನ್ನಿಸಿಬಿಡುತ್ತದೆ. ಪರಿಹಾರ ಸುಲಭ. ಒಂದು ಕಣ್ಣು ಮುಚ್ಚಿ, ಮೊದಲು ಮುಂದಿನ ಚಕ್ರದ ನೇರಕ್ಕೆ ತಲೆ ತಂದು ಓದಿ, ಅಡಿಪಟ್ಟಿ ಅಲುಗಿಸದೆ ತಲೆಯನ್ನು ಹಿಂದಿನ ಚಕ್ರದ ನೇರಕ್ಕೆ ಸರಿಸಿ ಮತ್ತೆ ಓದಿ. ಎರಡೂ ಸಲ ನೋಟ ಕಿಟಕಿಗೆ ಲಂಬವಾಗಿರಬೇಕು.

ವೀಲ್‌ಬೇಸ್ ಸರಿ ಬಂದಮೇಲೆ ಅಗಲ, ಎತ್ತರಗಳನ್ನೂ ಹೀಗೇ ಭಾಗಿಸಿ. ಮೂರೂ ಒಂದೇ ಸ್ಕೇಲು ಹೇಳಿದರೆ ಅದು ಮಾದರಿ. ವೀಲ್‌ಬೇಸ್ 1:36 ಅಂದು ಅಗಲ 1:30 ಅಂದರೆ ಅದು ಆಟಿಕೆ: ಒಳಗೆ ಸ್ಪ್ರಿಂಗ್ ಮೋಟಾರ್ ಕೂರಿಸಲು, ದಪ್ಪ ಟೈರು ಹಾಕಲು ಒಡಲನ್ನು ಉಬ್ಬಿಸಿದ್ದಾರೆ. ಇಂಥದ್ದನ್ನು ಯಾವ ಸ್ಕೇಲಿನ ಅಂಗಳದಲ್ಲಿ ಇಟ್ಟರೂ ಹೊಂದದು.

ಟೈರಿನ ವ್ಯಾಸ ಇನ್ನೊಂದು ಚಾಡಿಕೋರ. ಟೈರಿನ ಮೇಲಿನ ಸಂಖ್ಯೆಯಿಂದಲೇ ಅದನ್ನು ಲೆಕ್ಕ ಹಾಕಬಹುದು. ಮಾರುತಿ 800ರ 145/70 ಆರ್ 12 ತೆಗೆದುಕೊಳ್ಳಿ: 145ರ ಶೇ. 70 ಅಂದರೆ 101.5, ಮೇಲೂ ಕೆಳಗೂ ಸೇರಿ 203, ಅದಕ್ಕೆ 12 ಇಂಚಿನ ರಿಮ್ಮಿನ 305 ಕೂಡಿದರೆ 508 ಮಿ.ಮೀ. 1:24ರಲ್ಲಿ ಅದು 21 ಮಿ.ಮೀ. ಅಂಗಡಿಯ ಮಾದರಿಯಲ್ಲಿ 25 ಮಿ.ಮೀ. ಚಕ್ರ ಇದ್ದರೆ ಕಾರು ಹಿಮ್ಮಡಿ ಎತ್ತಿ ನಿಂತಂತೆ ಕಾಣುವುದು ಅದಕ್ಕೇ.

ಜಾಲತಾಣದಲ್ಲಿ ಕೊಳ್ಳುವಾಗ ಅಳೆಯಲು ಆಗದು, ಆದರೆ ಅನುಪಾತ ನೋಡಬಹುದು. ನೇರ ಪಕ್ಕದಿಂದ ತೆಗೆದ ಫೋಟೊದಲ್ಲಿ ಉದ್ದವನ್ನು ವೀಲ್‌ಬೇಸಿನಿಂದ ಭಾಗಿಸಿ. ಅಂಬಾಸಿಡರಿಗೆ 4325 ಭಾಗ 2464, ಅಂದರೆ 1.755 ಬರಬೇಕು. ಫೋಟೊದಲ್ಲಿ 1.6 ಬಂದರೆ ಮೂತಿಯನ್ನೋ ಡಿಕ್ಕಿಯನ್ನೋ ಮೊಟಕು ಮಾಡಿದ್ದಾರೆ. ಓರೆಯಾಗಿ ತೆಗೆದ ಫೋಟೊಗೆ ಈ ಲೆಕ್ಕ ನಡೆಯದು. ಮಾರುವವರನ್ನು ಕೇಳುವಾಗ ‘ಸ್ಕೇಲೆಷ್ಟು’ ಅಂತ ಕೇಳಬೇಡಿ, ಡಬ್ಬಿಯದನ್ನೇ ಓದಿ ಹೇಳುತ್ತಾರೆ. ‘ಎರಡು ಚಕ್ರದ ನಡುವೆ ಎಷ್ಟು ಮಿಲಿಮೀಟರ್’ ಅಂತ ಕೇಳಿ.

ಎಷ್ಟು ತಪ್ಪು ನಡೆಯುತ್ತದೆ

1:22.5ರ ರೈಲಿನ ಪಕ್ಕ 1:24ರ ಕಾರು ಶೇ. 6ರಷ್ಟು ಸಣ್ಣದು. 192 ಮಿ.ಮೀ. ಇರಬೇಕಾದ ಅಂಬಾಸಿಡರ್ 180 ಇರುತ್ತದೆ. ಯಾರ ಕಣ್ಣಿಗೂ ಬೀಳದು. ಶೇ. 7ರವರೆಗೆ ಚಿಂತೆ ಬೇಡ. ಶೇ. 10ರಿಂದ 13 ಆದರೆ ಜಾಗ ನೋಡಿ ಇಡಬೇಕು. 15 ದಾಟಿದರೆ ಮುಂಭಾಗಕ್ಕೆ ಬೇಡವೇ ಬೇಡ.

ಆದರೆ ಈ ಶೇಕಡಾ ಲೆಕ್ಕ ಎಲ್ಲ ಗಾಡಿಗೂ ಒಂದೇ ಅಲ್ಲ. ಅಂಬಾಸಿಡರ್, ಆಟೊ, ಸ್ಕೂಟರ್ ಇವುಗಳ ಗಾತ್ರ ನಮ್ಮ ಮೈಗೇ ಗೊತ್ತು. ಒಳಗೆ ಕೂತು, ಪಕ್ಕದಲ್ಲಿ ನಿಂತು, ಒರಗಿ ಅಭ್ಯಾಸ. ಇಲ್ಲಿ ತಪ್ಪು ಕೂಡಲೇ ತಿಳಿಯುತ್ತದೆ. ಲಾರಿ, ಟ್ರ್ಯಾಕ್ಟರ್, ಟ್ರೇಲರ್, ರೋಡ್ ರೋಲರ್ ಹಾಗಲ್ಲ. ನಿಜದಲ್ಲೇ ಸಣ್ಣದೂ ಇವೆ, ದೊಡ್ಡದೂ ಇವೆ. ಸಿಕು, ಬ್ರಿಟನ್ಸ್ ಕಂಪನಿಗಳ 1:32ರ ದೊಡ್ಡ ಯೂರೋಪಿಯನ್ ಟ್ರ್ಯಾಕ್ಟರೊಂದು 1:22.5ರ ಅಂಗಳದಲ್ಲಿ ನಮ್ಮೂರ ಸಣ್ಣ ಟ್ರ್ಯಾಕ್ಟರಾಗಿ ಸಲೀಸಾಗಿ ನಡೆದುಹೋಗುತ್ತದೆ, ಸೀಟು ಮತ್ತು ಸ್ಟೀರಿಂಗ್ ಮಾತ್ರ ಬದಲಿಸಿದರೆ. ಸೀಟು, ಸ್ಟೀರಿಂಗ್, ಬಾಗಿಲ ಹಿಡಿ, ಮೆಟ್ಟಿಲು, ಹೀಗೆ ಮನುಷ್ಯನ ಕೈಕಾಲು ತಾಗುವ ಭಾಗಗಳೇ ಸ್ಕೇಲನ್ನು ಹೇಳುವುದು. ಉಳಿದದ್ದು ಬರೀ ತಗಡು.

ಹಾಗಾಗಿ ಕೊನೆಯ ಪರೀಕ್ಷೆಗೆ ಒಂದು ಮನುಷ್ಯನ ಗೊಂಬೆ ಬೇಕು. 165 ಸೆಂ.ಮೀ. ಎತ್ತರದವನು 1:22.5ರಲ್ಲಿ 73 ಮಿ.ಮೀ., 1:24ರಲ್ಲಿ 69, 1:32ರಲ್ಲಿ 52, 1:37ರಲ್ಲಿ 45 ಮಿ.ಮೀ. ಗೊಂಬೆಯನ್ನು ಕಾರಿನ ಬಾಗಿಲ ಪಕ್ಕ ನಿಲ್ಲಿಸಿ. ಅಂಬಾಸಿಡರಿನ ಸೂರು ಹಣೆಗೆ, ಮಾರುತಿ 800ರದ್ದು ಗದ್ದದ ಕೆಳಗೆ, ಆಟೊದ ಟಾಪು ತಲೆಗಿಂತ ಒಂದು ಕೂದಲೆಳೆ ಮೇಲೆ ಬರಬೇಕು. ಗೊಂಬೆಯ ಪೀಠದ ದಪ್ಪ ಕಳೆಯಲು ಮರೆಯಬೇಡಿ. 3 ಮಿ.ಮೀ. ಪೀಠವಿದ್ದರೆ 1:22.5ರಲ್ಲಿ ಮನುಷ್ಯ ಏಳು ಸೆಂಟಿಮೀಟರ್ ಎತ್ತರದ ಮಣೆಯ ಮೇಲೆ ನಿಂತಂತಾಗುತ್ತದೆ.

ಬೇರೆ ಸ್ಕೇಲಿನ ಗಾಡಿ ಕೈಲಿದ್ದರೆ ಎಸೆಯಬೇಕಿಲ್ಲ. 1:22.5ರ ಅಂಗಳದಲ್ಲಿ 1:32ರ ಕಾರನ್ನು ತೀರಾ ಹಿಂದೆ, ರಸ್ತೆ ಕಿರಿದಾಗುತ್ತಾ ಹೋಗುವ ಕಡೆ ಇಟ್ಟರೆ ದೂರದಲ್ಲಿದ್ದಂತೆ ಕಾಣುತ್ತದೆ. ಒಂದೇ ಷರತ್ತು: ಅದರ ಪಕ್ಕ ದೊಡ್ಡ ಸ್ಕೇಲಿನ ಗೊಂಬೆಯಾಗಲಿ, ಬಾಗಿಲಾಗಲಿ, ಇನ್ನೊಂದು ಕಾರಾಗಲಿ ಇರಬಾರದು. ನಡುವೆ ಒಂದು ಗಿಡವೋ ಗೋಡೆಯೋ ಬರಲಿ. ಮೇಲಿನಿಂದ ನೋಡುವ ಅಂಗಳದಲ್ಲಿ ಈ ಉಪಾಯ ಫಲಿಸದು, ಕಣ್ಣಿನ ಮಟ್ಟದ ಎತ್ತರದಲ್ಲಿ ಹಳಿ ಇದ್ದವರಿಗೆ ಮಾತ್ರ.

ಸಿಗದೇ ಇರುವವು

ನಮ್ಮ ಗಾಡಿಗಳು ನಮಗೆ ಬೇಕಾದ ಸ್ಕೇಲಿನಲ್ಲಿ ಡೈ-ಕಾಸ್ಟ್ ಆಗಿ ಸಿಗುವುದು ಅಪರೂಪ. ಅಂಬಾಸಿಡರ್, ಆಟೊ, ಲಾರಿಗಳಿಗೆ ಸೆಂಟಿ ಟಾಯ್ಸ್‌ನಂಥ ದೇಶಿ ತಯಾರಕರ ಪ್ಲಾಸ್ಟಿಕ್ ಗಾಡಿಗಳೇ ಗತಿ. ಪ್ಲಾಸ್ಟಿಕ್ ಅಂತ ಮೂಗು ಮುರಿಯಬೇಕಿಲ್ಲ. ಬಣ್ಣ ಹೊಡೆದ ಮೇಲೆ ಲೋಹವೋ ಪ್ಲಾಸ್ಟಿಕ್ಕೋ ಯಾರಿಗೂ ತಿಳಿಯದು, ಕತ್ತರಿಸಿ ಬದಲಿಸುವುದಂತೂ ಲೋಹಕ್ಕಿಂತ ಹತ್ತು ಪಾಲು ಸುಲಭ. ಆದರೆ ಇವುಗಳಲ್ಲಿ ಸ್ಕೇಲು ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಕಾರು ಮತ್ತು ಲಾರಿ ಕೈಯಲ್ಲಿ ಒಂದೇ ಗಾತ್ರ ಅನ್ನಿಸಿದರೆ ಸ್ಕೇಲು ಬೇರೆ ಅಂತಲೇ ಅರ್ಥ. ಅಳೆಯದೆ ಒಂದನ್ನೂ ತೆಗೆದುಕೊಳ್ಳಬೇಡಿ.

ಬಸ್ಸು ಬೇರೆಯದೇ ಸಮಸ್ಯೆ. 12 ಮೀಟರಿನ ಬಸ್ಸು 1:22.5ರಲ್ಲಿ 533 ಮಿ.ಮೀ. ಉದ್ದ, ಎರಡೂವರೆ ಮೀಟರ್ ಅಗಲಕ್ಕೆ 111 ಮಿ.ಮೀ. ಇಷ್ಟು ದೊಡ್ಡ ಆಟಿಕೆ ಅಂಗಡಿಯಲ್ಲಿ ಇರುವುದಿಲ್ಲ, ಇರುವ 20 ಸೆಂ.ಮೀ. ಬಸ್ಸು 1:60. ಇಲ್ಲಿ ಸನ್‌ಬೋರ್ಡಿನಲ್ಲಿ (ಹಗುರವಾದ ಫೋಮ್ ಹಲಗೆ) ಕಟ್ಟುವುದೇ ದಾರಿ. ಬೋರ್ಡು ಬರೆಯುವವರ ಬಳಿ ಉಳಿಯುವ 3 ಮತ್ತು 5 ಮಿ.ಮೀ. ತುಂಡುಗಳು ಸಾಕು. ಇನ್ನೂ ಸುಲಭದ ದಾರಿ ಬೇಕಿದ್ದರೆ ಬಸ್ಸಿನ ಹಿಂಭಾಗದ ಕಾಲು ಪಾಲು ಮಾತ್ರ ಕಟ್ಟಿ, ಕಟ್ಟಡದ ಹಿಂದಿನಿಂದ ಇಣುಕುವಂತೆ ನಿಲ್ಲಿಸಿ. ಬಸ್ ನಿಲ್ದಾಣದಲ್ಲಿ ಬಸ್ಸು ಪೂರ್ತಿ ಕಾಣುವುದು ಎಷ್ಟು ಸಲ?

ಸ್ಕೂಟರುಗಳು ಹೆಚ್ಚಾಗಿ ಸಿಗುವುದು 1:18ರಲ್ಲಿ. 1:22.5ರ ಪಕ್ಕ ಶೇ. 25 ದೊಡ್ಡದು, ಎಷ್ಟೇ ಮರೆಮಾಡಿದರೂ ಎದ್ದು ಕಾಣುತ್ತದೆ. ಕೋಲಾರದ ನ್ಯಾರೋ ಗೇಜ್ ಮಾಡುವವರಿಗೆ ಮಾತ್ರ ಅದೃಷ್ಟ.

ಮೂರು ಆಯಾಮದ ಮುದ್ರಣ ಈಗ ಊರೆಲ್ಲ ಆಗಿದೆ, ಆಟೊ ಮತ್ತು ಸ್ಕೂಟರಿಗೆ ಅದು ಒಳ್ಳೆಯ ದಾರಿ. ಮುದ್ರಿಸುವ ಕಂಪ್ಯೂಟರ್ ಕಡತ ಯಾವ ಸ್ಕೇಲಿನದು ಅನ್ನುವುದನ್ನು ನಿಮಗೆ ಬೇಕಾದ ಸ್ಕೇಲಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಹಿಗ್ಗಿಸಬೇಕಾದ ಶೇಕಡಾ ಬರುತ್ತದೆ. 1:24ರ ಕಡತವನ್ನು 1:22.5ಕ್ಕೆ ತರಲು ಶೇ. 106.7. ಕುಗ್ಗಿಸುವಾಗ ಎಚ್ಚರ: 1:24ರದ್ದನ್ನು 1:37ಕ್ಕೆ ಇಳಿಸಿದರೆ ಶೇ. 65, ಆಗ 1 ಮಿ.ಮೀ. ದಪ್ಪದ ಗೋಡೆ 0.65 ಆಗಿ, ಕನ್ನಡಿ, ಹ್ಯಾಂಡಲ್ ಮೊದಲಾದ ಸಣ್ಣ ಭಾಗಗಳು, ಮುದ್ರಿಸುವಾಗ ಆನಿಕೆಗೆ ಬಂದ ಆಧಾರದ ಕಡ್ಡಿಗಳನ್ನು ಕೀಳುವಾಗಲೇ ಮುರಿಯುತ್ತವೆ. ಅವುಗಳನ್ನು ತೆಗೆದುಹಾಕಿ ತಂತಿಯಲ್ಲಿ ಮಾಡಿಕೊಳ್ಳುವುದು ಮೇಲು.

ಬೆಂಗಳೂರಿನಲ್ಲಿ ಹುಡುಕುವುದು

ಮಾಮೂಲ್‌ಪೇಟೆಯ ಸಗಟು ಆಟಿಕೆ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಗಾಡಿಗಳ ಆಯ್ಕೆ ದೊಡ್ಡದು, ಡಬ್ಬಿ ಬಿಚ್ಚಿ ನೋಡಲೂ ಅಷ್ಟು ತಕರಾರಿಲ್ಲ. ವಾರದ ದಿನ ಬೆಳಗ್ಗೆ ಹೋಗಿ. ಹಬ್ಬದ ಮುನ್ನಾದಿನ ಹೋದರೆ ಅಡಿಪಟ್ಟಿ ತೆಗೆಯಲೂ ಜಾಗ ಇರುವುದಿಲ್ಲ. ಮಾಲುಗಳ ಆಟಿಕೆ ಅಂಗಡಿಗಳಲ್ಲಿ 1:24, 1:18ರ ಡೈ-ಕಾಸ್ಟ್ ಸಿಗುತ್ತವೆ. ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ ಹಳೆಯ ಮಾದರಿಗಳು ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಡಿಜಿಟಲ್ ಕ್ಯಾಲಿಪರ್, ಸಣ್ಣ ಸ್ಕ್ರೂಡ್ರೈವರ್, 2 ಮಿ.ಮೀ. ಟ್ಯಾಪ್ (ರಂಧ್ರದೊಳಗೆ ಸ್ಕ್ರೂವಿನ ಸುರುಳಿ ಕೊರೆಯುವ ಉಪಕರಣ) ಮೊದಲಾದವಕ್ಕೆ ಎಸ್‌ಜೆಪಿ ರಸ್ತೆ. ಪೀಪಾಯಿ, ಹಾಲಿನ ಕ್ಯಾನು, ಕಂಬಗಳಂಥ ದುಂಡನೆಯ ಸಾಮಾನಿಗೆ ಚನ್ನಪಟ್ಟಣದ ಹಾಲೆ ಮರದ ಕೆಲಸಗಾರರಿಗಿಂತ ಒಳ್ಳೆಯವರಿಲ್ಲ. 200 ಲೀಟರಿನ ಡ್ರಮ್ಮು 1:22.5ರಲ್ಲಿ 39 ಮಿ.ಮೀ. ಎತ್ತರ, 26 ಮಿ.ಮೀ. ವ್ಯಾಸ. ಈ ಎರಡು ಸಂಖ್ಯೆ ಬರೆದ ಚೀಟಿ ಕೊಟ್ಟರೆ ಸಾಕು.

ಸೆಕೆಂಡ್‌ಹ್ಯಾಂಡ್ ಡೈ-ಕಾಸ್ಟ್ ಕೊಳ್ಳುವಾಗ ಬಣ್ಣ ನೋಡಬೇಡಿ, ಲೋಹ ನೋಡಿ. ಡೈ-ಕಾಸ್ಟ್ ಅಂದರೆ ಸತು ಮತ್ತು ಸ್ವಲ್ಪ ಅಲ್ಯೂಮಿನಿಯಂ ಬೆರೆತ ಲೋಹ. ಎರಕ ಹೊಯ್ಯುವಾಗ ಸೀಸದ ಕಲಬೆರಕೆ ಆಗಿದ್ದರೆ ವರ್ಷಗಳ ನಂತರ ಅದು ಒಳಗೇ ಉಬ್ಬಿ ಬಿರಿಯುತ್ತದೆ. ಬಾಗಿಲು ಬಿಗಿಯಾಗಿ ಸಿಕ್ಕಿಕೊಳ್ಳುವುದು, ಬಣ್ಣದಡಿ ಕೂದಲೆಳೆ ಬಿರುಕು, ಚಾಸಿ ಸ್ವಲ್ಪ ಬಾಗಿರುವುದು ಇದರ ಲಕ್ಷಣ. ಇದಕ್ಕೆ ಔಷಧಿ ಇಲ್ಲ. ಎಷ್ಟೇ ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.

ವಿದೇಶದಿಂದ ತರಿಸುವವರು ಸುಂಕ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಆಟಿಕೆಗಳ ಮೇಲಿನ ಮೂಲ ಆಮದು ಸುಂಕವನ್ನು 2020ರಲ್ಲಿ ಶೇ. 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಲಾಯಿತು. ಮಾದರಿ ವಾಹನಗಳೂ ಬರುವುದು ಅದೇ ಶೀರ್ಷಿಕೆಯಡಿ. ಅದರ ಮೇಲೆ ಜಿಎಸ್‌ಟಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಆರ್ಡರ್ ಹಾಕುವ ದಿನದ ದರ ನೋಡಿಕೊಂಡು, ಸುಂಕ ಸೇರಿ ಎರಡು ಪಟ್ಟಾದರೂ ಆ ಗಾಡಿ ಬೇಕೇ ಅಂತ ಕೇಳಿಕೊಳ್ಳಿ. ಇಷ್ಟು ತೆತ್ತು ತಂದ ಮೇಲೆ ಸ್ಕೇಲು ತಪ್ಪಿದರೆ ಅದರ ಉರಿಯೇ ಬೇರೆ.

ತಂದಮೇಲೆ

ಕಾಲ ಹೊಂದಬೇಕು. ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರಿನಲ್ಲಿ, ನಮ್ಮ ಮೆಟ್ರೊ ಓಡಲು ಶುರುವಾದದ್ದು 2011ರ ಅಕ್ಟೋಬರಿನಲ್ಲಿ, ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಮೀಟರ್ ಗೇಜಿನ ಹೊಗೆಬಂಡಿಯ ಪಕ್ಕ ಹಸಿರು-ಹಳದಿ ಗ್ಯಾಸ್ ಆಟೊ ನಿಲ್ಲಬಾರದು, ಅಲ್ಲಿ ಕಪ್ಪು-ಹಳದಿ ಬೇಕು. ನಂಬರ್ ಪ್ಲೇಟಿನ ‘ಕೆಎ’ ಕೂಡ 1989ರ ನಂತರದ್ದೇ. ಪ್ಲೇಟಿನ ಅಳತೆ 500 ಗುಣಿಸು 120 ಮಿ.ಮೀ., 1:22.5ರಲ್ಲಿ 22 ಗುಣಿಸು 5.3. ಸ್ಟಿಕ್ಕರ್ ಹಾಳೆಯಲ್ಲಿ ಮುದ್ರಿಸಿ ಅಂಟಿಸಬಹುದು.

ಹೊರದೇಶದ ಕಾರುಗಳಿಗೆ ಸ್ಟೀರಿಂಗ್ ಎಡಕ್ಕಿರುತ್ತದೆ. ಗಾಡಿ ಮಗುಚಿ ತಳದ ಸ್ಕ್ರೂ ಬಿಚ್ಚಿದರೆ ಒಳಭಾಗ ಒಂದೇ ತಟ್ಟೆಯಾಗಿ ಕೈಗೆ ಬರುತ್ತದೆ. ಸ್ಕ್ರೂ ಬದಲು ರಿವೆಟ್ ಇದ್ದರೆ ಅದರ ತಲೆಯನ್ನು ಮಾತ್ರ 4 ಮಿ.ಮೀ. ಡ್ರಿಲ್ಲಿನಿಂದ ನಿಧಾನಕ್ಕೆ ಕೊರೆದು ತೆಗೆಯಿರಿ. ಮತ್ತೆ ಮುಚ್ಚಲು ರಿವೆಟ್ ಕೂತಿದ್ದ ಒಳಗಂಬದಲ್ಲಿ 1.6 ಮಿ.ಮೀ. ರಂಧ್ರ ಕೊರೆದು 2 ಮಿ.ಮೀ. ಟ್ಯಾಪ್ ಹಾಕಿದರೆ ಸಣ್ಣ ಸ್ಕ್ರೂ ಹಿಡಿಯುತ್ತದೆ. ವೇಗವಾಗಿ ಕೊರೆದರೆ ಬಿಸಿಯಾಗಿ ಹೊರಗಿನ ಬಣ್ಣ ಉಬ್ಬುತ್ತದೆ. ಸ್ಟೀರಿಂಗ್ ಚಕ್ರ ಸಾಮಾನ್ಯವಾಗಿ ಒಂದು ಕಡ್ಡಿಯ ಮೇಲೆ ಕೂತಿರುತ್ತದೆ, ಕಿತ್ತು ಬಲಕ್ಕೆ ಅಂಟಿಸಿ. ಮೀಟರಿನ ಗೂಡನ್ನು ಕತ್ತರಿಸಿ ಬಲಕ್ಕೆ ತಂದು ಖಾಲಿ ಜಾಗಕ್ಕೆ ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆ ಮುಚ್ಚಿ. ಮೈಮೇಲಿನ ಹೊಳಪಿಗೆ ಮ್ಯಾಟ್ ವಾರ್ನಿಷ್ ಒಂದು ತೆಳು ಪದರ. ಹೊಡೆಯುವ ಮುನ್ನ ಗಾಜುಗಳನ್ನು ತೆಗೆದಿಡದಿದ್ದರೆ ಅವೂ ಮಂಜಾಗುತ್ತವೆ.

ಅಂಗಳದಲ್ಲಿ ಹಳಿ ಬಿಸಿಲು-ಮಳೆಗೆ ತಡೆಯುತ್ತದೆ, ಗಾಡಿಗಳು ತಡೆಯುವುದಿಲ್ಲ. ಉಕ್ಕಿನ ಆಕ್ಸಲ್ ತುಕ್ಕು ಹಿಡಿದು ಚಕ್ರದ ಸುತ್ತ ಕಂದು ಕಲೆ ಬಿಡುತ್ತದೆ, ಬಣ್ಣ ಕೆತ್ತಿದ ಕಡೆ ಸತುವಿನ ಮೇಲೆ ಬಿಳಿ ಪುಡಿ ಏಳುತ್ತದೆ, ಬಿಸಿಲಿಗೆ ಕಿಟಕಿ ಹಳದಿಯಾಗುತ್ತದೆ. ಸಂಜೆ ಎತ್ತಿ ಒಳಗಿಡುವುದೇ ಸರಿ. ಪ್ರತಿ ಸಲ ಅದೇ ಜಾಗಕ್ಕೆ ಮರಳಿ ಇಡಲು, ತಳದ ನಡುವೆ 2 ಮಿ.ಮೀ. ಉಕ್ಕಿನ ತಂತಿಯ ಒಂದು ಗೂಟವನ್ನು ಎಪಾಕ್ಸಿಯಲ್ಲಿ ಕೂಡಿಸಿ, ರಸ್ತೆಯಲ್ಲಿ ಅದಕ್ಕೊಂದು ಹಿತ್ತಾಳೆ ಕೊಳವೆ ಹೂತಿಡಿ. ಗೂಟ ಚಕ್ರಗಳಿಗಿಂತ ಹತ್ತು ಮಿ.ಮೀ. ಕೆಳಗಿಳಿದರೆ ಸಾಕು. ಕೊಳವೆಯ ತಳ ತೆರೆದಿರಲಿ, ಇಲ್ಲದಿದ್ದರೆ ಮಳೆನೀರು ನಿಂತು ಮೊದಲು ತುಕ್ಕು ಹಿಡಿಯುವುದು ಗೂಟವೇ. ಗೇಟಿನ ಮುಂದಿನ ಅಂಬಾಸಿಡರಿಗೆ ಗೂಟ ಸ್ವಲ್ಪ ಎಡಕ್ಕಿರಲಿ, ಆಟೊಗೆ ಬಲಕ್ಕೆ: ನಮ್ಮ ಗೇಟುಗಳ ಮುಂದೆ ಯಾರೂ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ.